ಬಸಿಗಾಲುವೆಯ ಋಣ

ಮನುಷ್ಯನ ತಪ್ಪುಗಳಲ್ಲಿ ದ್ವೇಷದಿಂದ ಆಗುವವು ಕೆಲವು, ಲೋಭದಿಂದ ಆಗುವವು ಕೆಲವು. ಆದರೆ ಇವೆರಡೂ ಇಲ್ಲದೆ, ಕೇವಲ ಎಚ್ಚರಗೇಡಿತನದಿಂದ ಆಗುವ ತಪ್ಪುಗಳೇ ಹೆಚ್ಚು. ಹಿರಿಯರು ಇದಕ್ಕೆ ಪ್ರಮಾದವೆಂದು ಹೆಸರಿಟ್ಟರು. ಬದುಕಿನ ಬಹುಭಾಗವನ್ನು ಮಣ್ಣಿನ ಅಧ್ಯಯನದಲ್ಲಿ ಕಳೆದ ನಾನು, ಆ ಮಣ್ಣಿಗೇ ಎಸಗಿದ ಒಂದು ಪ್ರಮಾದವನ್ನು ಸಹೃದಯ ಓದುಗರ ಮುಂದೆ ಇಡಬಯಸುತ್ತೇನೆ.

1978ರಲ್ಲಿ ನಾನು ನೀಲಗಿರಿಯಲ್ಲಿ ಮಣ್ಣಿನ ಸಮೀಕ್ಷೆಯ ಕೆಲಸದಲ್ಲಿದ್ದೆ. ಉದಕಮಂಡಲದ ಸುತ್ತ, ಎರಡು ಸಾವಿರ ಮೀಟರಿಗೂ ಮೇಲಿನ ಎತ್ತರದಲ್ಲಿ, ಹುಲ್ಲುಗುಡ್ಡಗಳ ನಡುವೆ ತಗ್ಗಾದ ಕಣಿವೆಗಳಿವೆ. ಇಳಿಜಾರಿನ ನೀರು ಅಲ್ಲಿಗೆ ಬಸಿದು ಬಂದು ವರ್ಷವಿಡೀ ನಿಲ್ಲುತ್ತದೆ. ಅಂಥ ಒಂದು ಕಣಿವೆಯಲ್ಲಿ ಬೈರಿಗೆಯನ್ನು ಊರಿ ತಿರುಗಿಸಿದೆ. ಆಳೆತ್ತರದ ಅದರ ಕಂಬಿ ಹಿಡಿಯವರೆಗೂ ಮಣ್ಣಿನಲ್ಲಿ ಇಳಿಯಿತು. ಮೇಲೆ ಬಂದದ್ದು ಕಪ್ಪಗಿನ, ಸ್ಪಂಜಿನಂತೆ ನೀರು ಹೀರಿದ, ಬೇರುನಾರುಗಳಿಂದ ತುಂಬಿದ ಮಣ್ಣು. ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ‘ಈಗಿನ ಉಪಯೋಗ’ ಎಂಬ ಅಂಕಣವಿತ್ತು. ಅದರಲ್ಲಿ ‘ಜೌಗು, ವ್ಯರ್ಥಭೂಮಿ, ಬಸಿಗಾಲುವೆ ತೋಡಿದಲ್ಲಿ ತರಕಾರಿ ಬೇಸಾಯಕ್ಕೆ ಯೋಗ್ಯ’ ಎಂದು ಬರೆದು ಸಹಿ ಮಾಡಿದೆ. ಎರಡು ವರ್ಷಗಳಲ್ಲಿ ಕಾಲುವೆಗಳಾದವು. ಕೆಲವು ಬಡ ಕುಟುಂಬಗಳು ಆಲೂಗಡ್ಡೆ, ಗಜ್ಜರಿ ಬೆಳೆದವು. ಉಪಕಾರ ಮಾಡಿದೆನೆಂಬ ಸಮಾಧಾನ ನನ್ನಲ್ಲಿ ಬಹುಕಾಲ ಉಳಿಯಿತು.

ನಾನು ವ್ಯರ್ಥವೆಂದು ಕರೆದದ್ದು ಏನನ್ನು? ನೀರು ನಿಂತ ನೆಲದೊಳಗೆ ಆಮ್ಲಜನಕ ಸೇರುವುದಿಲ್ಲ. ಆದುದರಿಂದ ಸತ್ತ ಹುಲ್ಲು, ಎಲೆ, ಬೇರುಗಳು ಪೂರ್ಣವಾಗಿ ಕೊಳೆಯದೆ ಪದರ ಪದರವಾಗಿ ಕೂಡುತ್ತವೆ. ಇದನ್ನು ಪೀಟ್ ಮಣ್ಣು ಎನ್ನುತ್ತಾರೆ. ನೀಲಗಿರಿಯಲ್ಲಿ ಇದು ಕೂಡುವ ವೇಗ ಅತಿ ಮಂದ. ಆಳೆತ್ತರದ ಮಣ್ಣಿಗೆ ಸಾವಿರಾರು ವರ್ಷಗಳು ಬೇಕಾಗಿವೆ. ಆ ಗಿಡಗಳು ತಮ್ಮ ಜೀವಿತದಲ್ಲಿ ಗಾಳಿಯಿಂದ ಹೀರಿಕೊಂಡ ಇಂಗಾಲದ ಒಂದು ಪಾಲು ಅಲ್ಲಿಯೇ ಅಡಗಿರುತ್ತದೆ. ಭೂಮಂಡಲದ ನೆಲದಲ್ಲಿ ಪೀಟ್ ಪ್ರದೇಶ ಇರುವುದು ನೂರಕ್ಕೆ ಮೂರು ಭಾಗದಷ್ಟು ಮಾತ್ರ. ಆದರೂ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚಿನ ಇಂಗಾಲ ಈ ಅಲ್ಪ ನೆಲದಲ್ಲಿದೆ.

ನನ್ನ ಕಣ್ಣು ತೆರೆಸಿದ್ದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್, ಅಹಮದಾಬಾದಿನ ಭೌತ ಸಂಶೋಧನಾಲಯದ ಆರ್. ರಮೇಶ್ ಮತ್ತು ಅವರ ಸಹೋದ್ಯೋಗಿಗಳು ಇದೇ ನೀಲಗಿರಿಯ ಪೀಟ್ ಮಣ್ಣಿನಿಂದ ಸುಮಾರು 20,000 ವರ್ಷಗಳ ಹವಾಮಾನವನ್ನು ಅರಿತಿದ್ದರು. ಅವರ ಕ್ರಮದ ತಿರುಳು ಹೀಗಿದೆ. ಇಂಗಾಲದಲ್ಲಿ ತೂಕ 12 ಮತ್ತು 13 ಇರುವ ಎರಡು ಸ್ಥಿರವಾದ ಬಗೆಗಳಿವೆ. ಮರಗಳೂ ಭತ್ತದಂಥ ಗಿಡಗಳೂ ಒಂದು ವಿಧದಲ್ಲಿ ಆಹಾರ ತಯಾರಿಸಿಕೊಳ್ಳುತ್ತವೆ. ರಾಗಿ, ಜೋಳ, ಕಬ್ಬು ಮತ್ತು ಒಣಹವೆಯ ಅನೇಕ ಹುಲ್ಲುಗಳು ಇನ್ನೊಂದು ವಿಧದಲ್ಲಿ. ಎರಡನೆಯ ಗುಂಪಿನಲ್ಲಿ ಭಾರದ ಇಂಗಾಲದ ಪಾಲು ತುಸು ಹೆಚ್ಚು. ಗಿಡ ಸತ್ತು ಮಣ್ಣಾದ ಮೇಲೂ ಈ ಪ್ರಮಾಣದ ಗುರುತು ಅಳಿಯುವುದಿಲ್ಲ. ಹಿಮಯುಗವು ಪರಾಕಾಷ್ಠೆಯಲ್ಲಿದ್ದ ಕಾಲದಲ್ಲಿ ಈ ಬೆಟ್ಟಗಳಲ್ಲಿ ಮಳೆ ಕ್ಷೀಣಿಸಿ ಒಣಹವೆಯ ಹುಲ್ಲು ಹರಡಿತ್ತು. ಸುಮಾರು 9,000 ವರ್ಷಗಳ ಹಿಂದೆ ಮುಂಗಾರು ಬಲಗೊಂಡು ನೆಲ ತೇವದಿಂದ ತುಂಬಿತ್ತು ಎಂದು ಆ ಮಣ್ಣು ಸಾಕ್ಷಿ ನುಡಿಯಿತು. 1997ರಲ್ಲಿ ಈ ದಾಖಲೆಯನ್ನು 40,000 ವರ್ಷಗಳವರೆಗೆ ವಿಸ್ತರಿಸಲಾಯಿತು.

ಪ್ರಬಂಧವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ಸಹಿ ಮಾಡಿದ ಕಣಿವೆಯೂ ಅದೇ ಬಗೆಯದು. 1995ರಲ್ಲಿ ಹಳೆಯ ಬೈರಿಗೆಯೊಂದಿಗೆ ಅಲ್ಲಿಗೆ ಹೋದೆ. ಹದಿನೇಳು ವರ್ಷಗಳ ಹಿಂದೆ ಹಿಡಿಯವರೆಗೆ ಇಳಿದಿದ್ದ ಕಂಬಿ, ಈಗ ಸೊಂಟದ ಮಟ್ಟಕ್ಕೆ ಹೊರಗುಳಿದಿರುವಾಗಲೇ ಅಡಿಯ ಗರಸಿಗೆ ತಾಗಿ ನಿಂತಿತು.

ಉಳಿದ ಮಣ್ಣು ಎಲ್ಲಿಗೆ ಹೋಯಿತು? ಒಂದಷ್ಟು, ನೀರು ಬಸಿದುಹೋದ ಮೇಲೆ ಕುಗ್ಗಿತು. ಒಂದಷ್ಟು ಮಳೆಗೆ ಕೊಚ್ಚಿಹೋಯಿತು. ಮಿಕ್ಕದ್ದು ಗಾಳಿಯ ಪಾಲಾಯಿತು. ಆಮ್ಲಜನಕ ಒಳಹೊಕ್ಕೊಡನೆ ಸೂಕ್ಷ್ಮಜೀವಿಗಳು ತಮ್ಮ ಕೆಲಸವನ್ನು ಆರಂಭಿಸಿ, ಸಾವಿರಾರು ವರ್ಷಗಳ ಸಂಚಯವನ್ನು ಇಂಗಾಲದ ಡೈಆಕ್ಸೈಡ್ ಆಗಿ ಹೊರಬಿಟ್ಟವು. ಹೊಗೆಯೂ ಉರಿಯೂ ಇಲ್ಲದ ಇಂಥ ದಹನ ಬೇರೆಡೆಗಳಲ್ಲಿಯೂ ನಡೆದಿದೆ. ಇಂಗ್ಲೆಂಡಿನ ಹೋಮ್ ಫೆನ್ ಎಂಬಲ್ಲಿ 1850ರ ಸುಮಾರಿಗೆ ಸರೋವರವನ್ನು ಬರಿದುಮಾಡಿದಾಗ, ನೆಲದ ಮಟ್ಟಕ್ಕೆ ಸರಿಯಾಗಿ ಒಂದು ಕಂಬವನ್ನು ಹೂಳಿದರು. ಇಂದು ಆ ಕಂಬ ಸುಮಾರು 4 ಮೀಟರ್ ಹೊರಗೆ ನಿಂತಿದೆ. ಬೆಳೆದದ್ದು ಕಂಬವಲ್ಲ, ಕುಸಿದದ್ದು ನೆಲ.

ಆಗ ನನ್ನ ಮನಸ್ಸು ಒಂದು ನೆಪವನ್ನು ಹುಡುಕಿತೆಂಬುದನ್ನೂ ಮುಚ್ಚಿಡಲಾರೆ. ಜೌಗಿನಲ್ಲಿ ಮೀಥೇನ್ ಅನಿಲ ಹುಟ್ಟುತ್ತದೆ. 1776ರಲ್ಲಿ ಇಟಲಿಯ ವೋಲ್ಟಾ ಮಾಜೋರೆ ಸರೋವರದ ಕೆಸರನ್ನು ಕೋಲಿನಿಂದ ಕಲಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು ಪರೀಕ್ಷಿಸಿದ ಗಾಳಿಯೇ ಇದು. ನಿಸರ್ಗದಲ್ಲಿ ಮೀಥೇನಿನ ಅತಿದೊಡ್ಡ ಮೂಲ ಜೌಗುನೆಲ. ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಅದು ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಮೀರಿ ಭೂಮಿಯನ್ನು ಕಾಯಿಸುತ್ತದೆ. ಹಾಗಾದರೆ ಜೌಗನ್ನು ಒಣಗಿಸಿ ಮೀಥೇನನ್ನು ತಡೆದ ನಾನು ಲೋಕಕ್ಕೆ ಹಿತವನ್ನೇ ಮಾಡಿದೆನಲ್ಲವೇ?

ಅರ್ಧ ಸತ್ಯವು ಸುಳ್ಳಿಗಿಂತ ಅಪಾಯಕರ ಎಂಬುದು ಇಲ್ಲಿ ನನಗೆ ಮನದಟ್ಟಾಯಿತು. ಮೀಥೇನ್ ಹನ್ನೆರಡು ವರ್ಷಗಳ ಆಸುಪಾಸಿನಲ್ಲಿ ವಾಯುಮಂಡಲದಲ್ಲಿ ಕರಗಿಹೋಗುತ್ತದೆ. ಹೊರಬಿದ್ದ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಶತಶತಮಾನಗಳ ಕಾಲ ಉಳಿಯುತ್ತದೆ. ತುಂಬಿದ ಜೌಗು ಮೀಥೇನನ್ನು ಬಿಡುತ್ತಲೇ ಇಂಗಾಲವನ್ನು ಕಾಪಾಡುತ್ತದೆ. ಒಣಗಿದ ಜೌಗು ತನ್ನಲ್ಲಿರುವುದು ಮುಗಿಯುವವರೆಗೂ ಅದನ್ನು ಬಿಡುತ್ತಲೇ ಇರುತ್ತದೆ. ಹಿಮಯುಗದ ಉತ್ಕರ್ಷದಲ್ಲಿ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದದ್ದು ಸುಮಾರು 190 ಭಾಗ. ಕೈಗಾರಿಕಾ ಯುಗಕ್ಕೆ ಮೊದಲು 280. ಇಂದು 420ಕ್ಕೂ ಮಿಕ್ಕಿದೆ. ಈ ಹೆಚ್ಚಳಕ್ಕೆ ಮುಖ್ಯ ಕಾರಣ ಕಲ್ಲಿದ್ದಲು, ಎಣ್ಣೆಗಳ ದಹನವೇ ನಿಜ. ನನ್ನ ಕಣಿವೆಯ ಪಾಲು ಅದರಲ್ಲಿ ಅಣುಮಾತ್ರ. ಆದರೆ ಪಾಲು ಚಿಕ್ಕದೆಂಬ ಮಾತ್ರಕ್ಕೆ ಅದು ನನ್ನದಲ್ಲವೆನ್ನಲಾದೀತೇ? ತಿಳಿದಿರಲಿಲ್ಲವೆಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಜೌಗುನೆಲಗಳನ್ನು ರಕ್ಷಿಸಬೇಕೆಂದು ಇರಾನಿನ ರಾಮ್ಸಾರಿನಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡದ್ದು 1971ರಲ್ಲಿ, ನನ್ನ ಸಹಿಗೆ ಏಳು ವರ್ಷ ಮೊದಲು. ಭಾರತ ಅದನ್ನು ಸೇರಿದ್ದು 1982ರಲ್ಲಾದರೂ, ವಿಚಾರಿಸಿದ್ದರೆ ತಿಳಿಯಬಹುದಾಗಿತ್ತು. ನಾನು ವಿಚಾರಿಸಲಿಲ್ಲ.

ನಿವೃತ್ತನಾದ ಮೇಲೆ, 2010ರಲ್ಲಿ, ಅಲ್ಲಿಯ ಹಿರಿಯ ರೈತರೊಬ್ಬರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಕೆಳಗಿನ ಕಾಲುವೆಯನ್ನಾದರೂ ಮುಚ್ಚಬೇಕೆಂದು ಬೇಡಿದೆ. ಅವರು ಚಹಾ ಕೊಟ್ಟು, ಬಹಳ ಹೊತ್ತು ಮೌನವಾಗಿದ್ದು ಕೇಳಿದರು: “ಅಂದು ತೋಡಿ ಎಂದವರೂ ನೀವೇ ಸ್ವಾಮಿ, ಇಂದು ಮುಚ್ಚಿ ಎನ್ನುವವರೂ ನೀವೇ. ಈ ಹೊಲದ ಮೇಲೆ ನನ್ನ ಮಕ್ಕಳು ಬೆಳೆದರು. ಅವರ ಅನ್ನದ ಲೆಕ್ಕವನ್ನು ಯಾರು ಇಡುತ್ತಾರೆ?”

ಆ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿರಲಿಲ್ಲ. ತಪ್ಪು ನನ್ನದು, ದಂಡ ಅವರದು ಎಂದಾಗುವುದಾದರೆ ಅದು ಎರಡನೆಯ ತಪ್ಪು. ಪ್ರಾಯಶ್ಚಿತ್ತದ ಭಾರವನ್ನು ಬಡವನ ಹೆಗಲಿಗೆ ಹೊರಿಸುವ ಪರಿಸರಪ್ರೇಮಕ್ಕೆ ಧರ್ಮವೆಂಬ ಹೆಸರು ಸಲ್ಲದು. ಮೂರು ಭೇಟಿಗಳ ಬಳಿಕ ಒಂದು ಒಡಂಬಡಿಕೆಯಾಯಿತು. ಇಳಿಜಾರಿನ ಒಣಗಿದ ಭಾಗದಲ್ಲಿ ಅವರ ಬೇಸಾಯ ಮುಂದುವರಿಯುವುದು. ಪೀಟ್ ಇನ್ನೂ ಉಳಿದಿರುವ ತಗ್ಗಿನಲ್ಲಿ ಕಾಲುವೆಯ ಬಾಯನ್ನು ಕಲ್ಲುಮಣ್ಣುಗಳಿಂದ ಕಟ್ಟುವುದು. ಅದರಿಂದ ತಪ್ಪುವ ಬೆಳೆಯ ಬೆಲೆಯನ್ನು ಪ್ರತಿವರ್ಷ ನನ್ನ ನಿವೃತ್ತಿವೇತನದಿಂದ ನಾನು ಕೊಡುವುದು. ಇದು ದಾನವಲ್ಲ, ಋಣ ಎಂದು ನಾನೇ ಅವರಿಗೆ ಹೇಳಿದೆ. ಅವರು ತಮ್ಮ ಕೈಯಿಂದಲೇ ಮೊದಲ ಕಲ್ಲನ್ನು ಇಟ್ಟರು.

ಇಂದು ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಜೊಂಡುಹುಲ್ಲು ಮತ್ತೆ ಹಬ್ಬಿದೆ. ಉಳಿದದ್ದು ಉಳಿಯುತ್ತಿದೆ, ಅಷ್ಟೇ. ಹೋದದ್ದು ಮರಳಿ ಕೂಡಬೇಕಾದರೆ ಸಾವಿರಾರು ಮಳೆಗಾಲಗಳು ಬೇಕು.

ತರುಣ ವಿಜ್ಞಾನಿಗಳು ಈಗಲೂ ಕೆಲವೊಮ್ಮೆ ತಮ್ಮ ನಮೂನೆಗಳನ್ನು ತೋರಿಸಿ ಸಲಹೆ ಕೇಳುತ್ತಾರೆ. ನಾನು ಹೇಳುವುದು ಒಂದೇ ಮಾತು: ಬೈರಿಗೆ ತಳ ಮುಟ್ಟುವವರೆಗೆ, ಅಲ್ಲಿ ಒಂದು ಮಳೆಗಾಲವನ್ನಾದರೂ ಕಳೆಯುವವರೆಗೆ, ಆ ಅಂಕಣವನ್ನು ಖಾಲಿಯಾಗಿಯೇ ಬಿಡಿ.