ಅರ್ಧ ಪಗಾರದ ಪೂರ್ತಿ ಲೆಕ್ಕ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ಗಂಡ ಹೆಂಡತಿ ಇಬ್ಬರಿಗೂ ವರ್ಷಕ್ಕೆ 12 ಲಕ್ಷ ಸಂಬಳ. ಮನೆಗೆ ಒಟ್ಟು 24 ಲಕ್ಷ. ಹೊಸ ಪದ್ಧತಿಯ 2025-26ರ ದರದಲ್ಲಿ ಇಬ್ಬರ ಆದಾಯ ತೆರಿಗೆಯೂ ಸೊನ್ನೆ. ಇನ್ನೊಂದು ಮನೆಯಲ್ಲಿ ಗಂಡನಿಗೆ 18, ಹೆಂಡತಿಗೆ 6. ಅದೂ 24 ಲಕ್ಷವೇ. ಆದರೆ ಆ ಮನೆ ಕಟ್ಟಬೇಕಾದ ತೆರಿಗೆ, ಸೆಸ್ ಸೇರಿ, 1,50,800 ರೂಪಾಯಿ.

ಎರಡೂ ನಮ್ಮದೇ ಮನೆ. ನಡುವೆ ಆಗಿದ್ದು ಇಷ್ಟೇ: ಸುರಪುರದಲ್ಲಿ ಅವ್ವನಿಗೆ ಲಕ್ವ ಹೊಡೀತು. ನಾನು ಬೆಂಗಳೂರು ಬಿಟ್ಟು ಊರಿಗೆ ಬಂದೆ. ಅಲ್ಲಿಂದಲೇ ಅರ್ಧ ದಿನ ಕೆಲಸ ಮಾಡೋಕೆ ಕಂಪನಿ ಒಪ್ಪಿತು, ಸಂಬಳವೂ ಅರ್ಧ ಆಯ್ತು. ಆ ಕೊರತೆ ತುಂಬಿಸೋಕೆ ನಮ್ಮನೆಯವರು ಬೇರೆ ಕಂಪನಿ ಸೇರಿದರು. ಮನೆಯ ಆದಾಯ ಒಂದು ಪೈಸೆ ಹೆಚ್ಚಲಿಲ್ಲ. ತೆರಿಗೆ ಮಾತ್ರ ಹೊಸದಾಗಿ ಹುಟ್ಟಿಕೊಂಡಿತು.

ಹೊಸ ಪದ್ಧತಿಯಲ್ಲಿ ಸಂಬಳದಿಂದ ಮೊದಲು 75,000 ಕಳೀತಾರೆ. ಉಳಿದದ್ದು 12 ಲಕ್ಷದೊಳಗಿದ್ದರೆ ರಿಯಾಯಿತಿ ಸಿಕ್ಕಿ ತೆರಿಗೆ ಮಾಫಿ. ನನ್ನದು 5.25 ಲಕ್ಷ. ಅಂದರೆ ಇನ್ನೂ 6.75 ಲಕ್ಷದಷ್ಟು ಜಾಗ ನನ್ನ ಹೆಸರಲ್ಲಿ ಖಾಲಿ ಬಿದ್ದಿದೆ. ಅದನ್ನ ಗಂಡನಿಗೆ ದಾಟಿಸಬಹುದಾ? ಶಹಾಪುರ ದಾಟಿ ಯಾದಗಿರಿಗೆ ಹೋಗಿ ಆಡಿಟರ್ ಹತ್ರ ಕೇಳಿದೆ. "ಆಗಂಗಿಲ್ರೀ ಮೇಡಂ. ನಿಮ್ಮ ಪ್ಯಾನ್ ನಿಮ್ದು, ಅವರ ಪ್ಯಾನ್ ಅವರ್ದು" ಅಂದರು. ಅವ್ವನಿಗೆ ಇದನ್ನ ಹೇಳಿದರೆ, "ಗಂಡ ಹೆಂಡ್ತಿ ಅಂದಮ್ಯಾಲ ಲೆಕ್ಕ ಒಂದ ಅಲ್ಲೇನು?" ಅಂದಳು.

ಅವ್ವನ ಹಾಗೇ ಯೋಚಿಸುವ ದೇಶಗಳಿವೆ. ಐರ್ಲೆಂಡಿನಲ್ಲಿ ದಂಪತಿ ಜಂಟಿಯಾಗಿ ತೆರಿಗೆ ಲೆಕ್ಕ ಕೊಡಬಹುದು. ಒಬ್ಬರು ಬಳಸದೆ ಉಳಿದ ಕ್ರೆಡಿಟ್ಟುಗಳಲ್ಲಿ ಕೆಲವನ್ನ ಇನ್ನೊಬ್ಬರು ಬಳಸಿಕೊಳ್ಳಬಹುದು. ನಮ್ಮ ಪಕ್ಕದ ಗೋವಾದಲ್ಲೂ, ಪೋರ್ಚುಗೀಸರ ಕಾಲದ ಸಿವಿಲ್ ಕಾನೂನಿನಿಂದಾಗಿ, ಬಾಡಿಗೆ ಬಡ್ಡಿಯಂಥ ಆದಾಯ ಗಂಡ ಹೆಂಡತಿಗೆ ಸಮಪಾಲಾಗುತ್ತೆ. ಆದರೆ ಅಲ್ಲೂ ಸಂಬಳ ದುಡಿದವರದ್ದೇ.

ನನಗೆ ಸಿಟ್ಟು ಬರೋದು "ನೀವಿಬ್ಬರೂ ಬೇರೆ ಬೇರೆ" ಅನ್ನೋದಕ್ಕಲ್ಲ. ಅದೇ ಕಾಯ್ದೆ ಇನ್ನೊಂದು ಪುಟದಲ್ಲಿ "ನೀವಿಬ್ಬರೂ ಒಂದೇ" ಅನ್ನುತ್ತೆ. ನಮ್ಮನೆಯವರು ನನಗೆ 5 ಲಕ್ಷ ಕೊಟ್ಟರು, ನಾನು ಎಫ್‌ಡಿ ಇಟ್ಟೆ ಅಂದ್ಕೊಳ್ಳಿ. ಕೊಟ್ಟ ಹಣಕ್ಕೆ ತೆರಿಗೆ ಇಲ್ಲ, ಆದರೆ ಬಡ್ಡಿ ಅವರ ಆದಾಯಕ್ಕೇ ಸೇರುತ್ತೆ. ಇದಕ್ಕೆ ಕ್ಲಬ್ಬಿಂಗ್ ಅಂತಾರೆ. 1961ರ ಕಾಯ್ದೆಯಲ್ಲೂ ಇದಿತ್ತು, 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲೂ ಇದೆ. ರಿಯಾಯಿತಿ ಕೇಳಿದಾಗ ಎರಡು ಮನೆ, ತೆರಿಗೆ ಹಾಕುವಾಗ ಒಂದೇ ಮನೆ!

ಹಾಗಂತ ಜಂಟಿ ಲೆಕ್ಕ ಎಲ್ಲರಿಗೂ ಕಡ್ಡಾಯ ಆಗಲಿ ಅಂತ ನಾನು ಹೇಳಲ್ಲ. ಇಬ್ಬರದ್ದೂ ಒಟ್ಟುಗೂಡಿಸಿದರೆ ಹೆಂಡತಿಯ ಮೊದಲ ರೂಪಾಯಿಗೇ ಗಂಡನ ಮೇಲಿನ ದರ ಬೀಳಬಹುದು. ಆಗ "ಈ ಸಣ್ಣ ಪಗಾರಕ್ಕೆ ನೀನು ದುಡಿಯೋದೇ ಬೇಡ" ಅನ್ನೋದು ಸುಲಭ. ಇವತ್ತು ನನ್ನ 6 ಲಕ್ಷಕ್ಕೆ ತೆರಿಗೆ ಇಲ್ಲದಿರೋದು ನನ್ನದು ಬೇರೆ ಲೆಕ್ಕ ಆಗಿರೋದರಿಂದಲೇ. ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐ ಬಜೆಟ್‌ಗೆ ಮುಂಚೆ ಕೊಟ್ಟ ಸಲಹೆಯಲ್ಲಿ ಜಂಟಿ ರಿಟರ್ನ್ ಕೇಳಿದ್ದು ಐಚ್ಛಿಕವಾಗಿ. ಅಷ್ಟಾದರೆ ಸಾಕು.

ಅಲ್ಲೀವರೆಗೆ ಏನು ಮಾಡೋದು? ನಾವು ಮಾಡಿದ್ದು ಹೇಳ್ತೀನಿ. ಮನೆ ಬಾಡಿಗೆ, ಕಿರಾಣಿ, ಅವ್ವನ ಔಷಧಿ, ಫಿಜಿಯೋಥೆರಪಿ ಎಲ್ಲಾ ಅವರ ಸಂಬಳದಲ್ಲಿ. ನನ್ನ ಅರ್ಧ ಪಗಾರ ಪೂರ್ತಿ ನನ್ನ ಹೆಸರಲ್ಲಿ ಉಳಿತಾಯ. ನಾನು ದುಡಿದ ಹಣದ ಬಡ್ಡಿ ನನ್ನದೇ, ಕ್ಲಬ್ಬಿಂಗ್ ಪ್ರಶ್ನೆ ಬರಲ್ಲ. ಖಾಲಿ ಬಿದ್ದ ಜಾಗವೂ ಸ್ವಲ್ಪ ಸ್ವಲ್ಪ ತುಂಬುತ್ತೆ.

ಆದರೆ ತೆರಿಗೆಗಿಂತ ದೊಡ್ಡ ನಷ್ಟ ಬೇರೆ ಕಡೆ ಇದೆ. ಪಿಎಫ್ ಕಟ್ಟೋದು ಮೂಲ ವೇತನದ ಶೇ 12. ಮೂಲ ವೇತನ ಅರ್ಧ ಆದರೆ ನನ್ನ ಪಾಲು, ಕಂಪನಿ ಪಾಲು ಎರಡೂ ಅರ್ಧ. ಗ್ರಾಚ್ಯುಟಿಯದ್ದು ಇನ್ನೂ ಕಷ್ಟ. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ಅದೂ ಕೊನೆಗೆ ಪಡೆದ ಸಂಬಳದ ಲೆಕ್ಕದಲ್ಲಿ. ಅರ್ಧ ಪಗಾರದಲ್ಲಿರುವಾಗಲೇ ಕೆಲಸ ಬಿಟ್ಟರೆ, ಹಿಂದೆ ಪೂರ್ತಿ ದುಡಿದ ವರ್ಷಗಳಿಗೂ ಅರ್ಧದ ಲೆಕ್ಕವೇ ಬರುತ್ತೆ. ಪಾರ್ಟ್ ಟೈಮ್‌ಗೆ ಸಹಿ ಹಾಕೋ ಮೊದಲು ಎಚ್‌ಆರ್ ಹತ್ರ ಬರಹದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಈ ನಷ್ಟವನ್ನ ಸರ್ಕಾರ ತುಂಬಿಕೊಡಲ್ಲ, ಕಂಪನಿಯೂ ಕೊಡಲ್ಲ. ಮನೆಯೊಳಗೇ ತುಂಬಿಕೋಬೇಕು. ಅದಕ್ಕೇ ನಮ್ಮನೆಯವರ ಖಾತೆಯಿಂದ ಪ್ರತಿ ತಿಂಗಳು 12,500 ರೂಪಾಯಿ ನನ್ನ ಪಿಪಿಎಫ್‌ಗೆ ಹೋಗುತ್ತೆ. ವರ್ಷಕ್ಕೆ 1.5 ಲಕ್ಷ, ಅದೇ ಗರಿಷ್ಠ ಮಿತಿ. ಪಿಪಿಎಫ್ ಬಡ್ಡಿಗೆ ತೆರಿಗೆಯೇ ಇಲ್ಲ, ಹಾಗಾಗಿ ಯಾರ ಲೆಕ್ಕಕ್ಕೆ ಸೇರಿಸಿದರೂ ಸೊನ್ನೆ. ಮೊದಲ ತಿಂಗಳು ಅವರು ಇದನ್ನ "ಗಿಫ್ಟ್" ಅಂದರು. ತೆರಿಗೆ ಇಲಾಖೆಗೆ ಹಾಗೇ ಹೇಳಿ, ಮನೇಲಿ ಮಾತ್ರ ಇದರ ಹೆಸರು ಬಾಕಿ ಅಂದೆ. ಒಪ್ಪಿದರು.