ಅಜ್ಜ ಕಣ್ಣು ಮಿಟುಕಿಸಲಿಲ್ಲ

ಬ್ಲಾಗ್ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು. ಪ್ರಾಜೆಕ್ಟು, ರಿಲೀಸು ಅನ್ನೋ ಮಾಮೂಲಿ ನೆಪಗಳು ಬೇಡ ಬಿಡಿ. ಮೊನ್ನೆ ಊರಿಗೆ ಹೋಗಿ ಬಂದ ಮೇಲೆ ಇದನ್ನ ಬರೆಯದೇ ಇರೋಕಾಗ್ಲಿಲ್ಲ.

ನಮ್ಮಜ್ಜ ಮಿಲಿಟರಿಯವರು. 1963ರಲ್ಲಿ, ಚೀನಾ ಯುದ್ಧ ಮುಗಿದ ಮಾರನೇ ವರ್ಷ, ಮದ್ರಾಸ್ ಸ್ಯಾಪರ್ಸ್ ಸೇರಿದ್ರು. ಬೆಂಗಳೂರಲ್ಲಿ ಹಲಸೂರು ಕೆರೆ ಹತ್ತಿರ ಎಂ.ಇ.ಜಿ. ಸೆಂಟರ್ ಇದೆಯಲ್ಲ, ಅದೇ ಪಡೆ. ಸೇತುವೆ ಕಟ್ಟೋದು, ನೆಲಬಾಂಬು ತೆಗೆಯೋದು ಇವರ ಕೆಲಸ. 1971ರ ಯುದ್ಧ ನೋಡಿ, 1984ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾಗಿ, ಸೋಮವಾರಪೇಟೆ ಹತ್ತಿರದ ನಮ್ಮೂರಿಗೆ ಬಂದರು. ನಾನು ಇಂಜಿನಿಯರಿಂಗ್ ಮುಗಿಸಿದ ದಿನ "ಈ ಮನೇಲಿ ನೀನು ಎರಡನೇ ಇಂಜಿನಿಯರು, ಮೊದಲನೆಯವನು ನಾನು" ಅಂದಿದ್ರು :)

ಈ ಸಲ ಹೋದಾಗ ಅಜ್ಜ ಸೊರಗಿದ್ದರು. ಮಾತ್ರೆ ಡಬ್ಬ ತೆಗೆದು ನೋಡಿದೆ. ಬಿ.ಪಿ. ಮಾತ್ರೆ ಯಾವಾಗಲೋ ಖಾಲಿಯಾಗಿರಬೇಕಿತ್ತು, ಅರ್ಧ ಹಾಗೇ ಇತ್ತು. ಕೇಳಿದ್ದಕ್ಕೆ, "ದಿನ ಬಿಟ್ಟು ದಿನ ತಗೋತೀನಿ, ಏನಾಗಲ್ಲ" ಅಂದ್ರು. ಇನ್ನೂ ಕೆದಕಿದಾಗ ಗೊತ್ತಾಯ್ತು.. ಮೂರು ತಿಂಗಳಿಂದ ಪಿಂಚಣಿ ಬಂದಿಲ್ಲ. ನಮಗ್ಯಾರಿಗೂ ಹೇಳಿಲ್ಲ. ಫೋನ್ ಮಾಡಿದಾಗಲೆಲ್ಲ "ಎಲ್ಲಾ ಸರಿ ಇದೆ" ಅಷ್ಟೇ.

ನಿಮಗೆ ಅನ್ನಿಸಬಹುದು, ಮಾಜಿ ಸೈನಿಕರಿಗೆ ಔಷಧಿ ಪುಕ್ಕಟೆ ಅಲ್ವಾ ಅಂತ. ಹೌದು. ಇ.ಸಿ.ಎಚ್.ಎಸ್. ಅಂತ ಯೋಜನೆ 2003ರ ಏಪ್ರಿಲ್‌ನಿಂದ ಇದೆ. 1996ಕ್ಕೆ ಮುಂಚೆ ನಿವೃತ್ತರಾದ ಅಜ್ಜನಂಥವರು ಅದಕ್ಕೆ ವಂತಿಗೆಯನ್ನೂ ಕಟ್ಟಬೇಕಿಲ್ಲ. ಮಡಿಕೇರಿ ಪಾಲಿಕ್ಲಿನಿಕ್‌ಗೆ ಹೋದರೆ ಮಾತ್ರೆ ಸಿಗುತ್ತೆ. ಆದರೆ ಮಂಡಿ ನೋವಿರೋ ಅಜ್ಜನಿಗೆ ಬಸ್ಸು ಹತ್ತೋಕಾಗಲ್ಲ, ಪ್ರತಿ ತಿಂಗಳೂ ಜೀಪು ಬಾಡಿಗೆಗೆ ಬೇಕು. ಮಾತ್ರೆ ಪುಕ್ಕಟೆ, ಮಾತ್ರೆ ತನಕ ಹೋಗೋ ದಾರಿ ಪುಕ್ಕಟೆ ಅಲ್ಲ. ಪಿಂಚಣಿ ನಿಂತ ಮೇಲೆ ಬಾಡಿಗೆ ಉಳಿಸೋಕೆ ಇದ್ದ ಮಾತ್ರೇನೇ ಎಳೆದಾಡಿದ್ದಾರೆ.

ಪಿಂಚಣಿ ಯಾಕೆ ನಿಂತಿತು? ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಜೀವನ ಪ್ರಮಾಣ ಪತ್ರ ಕೊಡಬೇಕು. ಅಜ್ಜ ಕೊಟ್ಟಿದ್ದರು! ಪೇಟೆಯ ಒಂದು ಸೈಬರ್ ಸೆಂಟರ್‌ನಲ್ಲಿ ಹತ್ತು ಸಲ ಬೆರಳು ಒತ್ತಿಸಿಕೊಂಡು, ದುಡ್ಡು ತಗೊಂಡು, ಚೀಟಿ ಕೊಟ್ಟಿದ್ದಾರೆ. ಚೀಟಿ ನೋಡಿದ ಮೇಲೆ ನನಗೆ ಹೊಳೀತು. ಮುಂಚೆ ಪಿಂಚಣಿ ಕೊಡುತ್ತಿದ್ದದ್ದು ಬ್ಯಾಂಕು. ಈಗ ರಕ್ಷಣಾ ಇಲಾಖೆಯ ಸ್ಪರ್ಶ್ ವ್ಯವಸ್ಥೆಯಿಂದ ನೇರವಾಗಿ ಖಾತೆಗೆ ಬರುತ್ತೆ. ಹಾಗಾಗಿ "ಪಿಂಚಣಿ ಕೊಡುವವರು ಯಾರು" ಅನ್ನೋ ಪಟ್ಟಿಯಲ್ಲಿ ಸ್ಪರ್ಶ್ ಅನ್ನೇ ಆರಿಸಬೇಕು. ಆ ಹುಡುಗ ಹಳೇ ಅಭ್ಯಾಸದಲ್ಲಿ ಬ್ಯಾಂಕಿನ ಹೆಸರು ಒತ್ತಿದ್ದ. ಪತ್ರ ತಯಾರಾಯ್ತು, ತಲುಪಬೇಕಾದ ಕಡೆ ತಲುಪಲಿಲ್ಲ.

ಆ ಹುಡುಗನನ್ನ ಬೈಯ್ಯೋಕೂ ಮನಸ್ಸಾಗಲಿಲ್ಲ. ಇಂಥ ಡ್ರಾಪ್‌ಡೌನ್‌ಗಳನ್ನ ಮಾಡಿ ಹೊಟ್ಟೆ ಹೊರೆಯೋ ಜಾತಿ ನಮ್ಮದೇ. ಮಾಹಿತಿ ಬಂದಿಲ್ವಾ, ಇಲ್ಲ ಅಂತ ತಿಳ್ಕೋ, ಮುಂದಕ್ಕೆ ಹೋಗು. ಇಂಥ ಸಾಲು ನಾನು ಎಷ್ಟು ಬರೆದಿದ್ದೀನೋ. ಆ ಸಾಲಿನ ಆ ಕಡೆ ಒಬ್ಬ ಅಜ್ಜ ಮಾತ್ರೆ ಲೆಕ್ಕ ಹಾಕ್ತಾ ಕೂತಿರಬಹುದು ಅಂತ ಯಾವತ್ತೂ ಯೋಚಿಸಿರಲಿಲ್ಲ.

ಈಗ ಬೆರಳು ಬೇಕಿಲ್ಲ, ಮೊಬೈಲ್‌ನಲ್ಲಿ ಮುಖ ತೋರಿಸಿದರೂ ಆಗುತ್ತೆ. 2021ರಿಂದ ಈ ಸೌಲಭ್ಯ ಇದೆ. ಜೀವನ್ ಪ್ರಮಾಣ್ ಆಪ್ ಜೊತೆಗೆ ಆಧಾರ್‌ನ ಫೇಸ್ ಆಪ್ ಹಾಕಿಕೊಂಡರೆ ಆಯ್ತು. ಜಗುಲಿ ಮೇಲೆ ಕೂರಿಸಿ ಫೋನ್ ಹಿಡಿದೆ. ಅಜ್ಜ ಎದೆ ಸೆಟೆದು, ಸಾವಧಾನ್ ಭಂಗಿಯಲ್ಲಿ ನೆಟ್ಟ ನೋಟ. ಆಪ್ ಒಪ್ಪುತ್ತಿಲ್ಲ. "ಅಜ್ಜ, ಕಣ್ಣು ಮಿಟುಕಿಸಿ!" "ಪರೇಡಲ್ಲಿ ಕಣ್ಣು ಮಿಟುಕಿಸಬಾರದು ಕಣೋ." ನಾಲ್ಕನೇ ಸಲಕ್ಕೆ ನಗು ಬಂದು ಮಿಟುಕಿಸಿದರು. ಅಜ್ಜ ಬದುಕಿದ್ದಾರೆ ಅಂತ ಸರ್ಕಾರಕ್ಕೂ ಗೊತ್ತಾಯ್ತು. ಆಮೇಲೆ ಬಾಕಿ ಸಮೇತ ಪಿಂಚಣಿ ಬಂತು.

ಯಾಕೆ ಹೇಳಲಿಲ್ಲ ಅಂತ ಸಂಜೆ ಕೇಳಿದೆ. "ಕೈ ಚಾಚಿ ಅಭ್ಯಾಸ ಇಲ್ಲ" ಅಂದ್ರು. ಅದು ನಿಮ್ಮದೇ ದುಡ್ಡು ಅಜ್ಜ ಅಂದ್ರೂ ಸುಮ್ಮನಿದ್ದರು. ಸ್ವಲ್ಪ ಹೊತ್ತಾದ ಮೇಲೆ ತಮ್ಮ ವಿಷಯ ಬಿಟ್ಟು, ಪಕ್ಕದೂರಿನ ಗೆಳೆಯರ ಮಾತು ತೆಗೆದರು. ಜೊತೆಗೇ ಸೇನೆ ಸೇರಿದವರು. ಮನೆ ಕಡೆ ತೊಂದರೆ ಅಂತ ಎಂಟೇ ವರ್ಷಕ್ಕೆ ಬಿಟ್ಟು ಬಂದರು. ಸಿಪಾಯಿಗೆ ಪಿಂಚಣಿ ಬೇಕಂದ್ರೆ ಹದಿನೈದು ವರ್ಷ ಆಗಬೇಕು. ಅವರಿಗೆ ಪಿಂಚಣಿಯೂ ಇಲ್ಲ, ಇ.ಸಿ.ಎಚ್.ಎಸ್. ಕಾರ್ಡೂ ಇಲ್ಲ. "ಅವನಿಗೇನಾದ್ರೂ ಇದೆಯೇನೋ, ಆ ಫೋನಲ್ಲಿ ನೋಡು."

ನೋಡಿದೆ. ಇದೆ! ಪಿಂಚಣಿ ಇಲ್ಲದ, 65 ದಾಟಿದ, ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ ಬಡ ಮಾಜಿ ಸೈನಿಕರಿಗೆ ಕೇಂದ್ರೀಯ ಸೈನಿಕ ಮಂಡಳಿ ಕಡೆಯಿಂದ ತಿಂಗಳ ನೆರವು. ಮೊದಲು 4000 ಇತ್ತು, 2025ರ ಅಕ್ಟೋಬರ್‌ನಲ್ಲಿ 8000 ರೂಪಾಯಿಗೆ ಏರಿಸಿದರು. ಅರ್ಜಿ ಆನ್‌ಲೈನು, ಪರಿಶೀಲನೆ ಜಿಲ್ಲಾ ಸೈನಿಕ ಕಚೇರಿಯಲ್ಲಿ. ಡಿಸ್ಚಾರ್ಜ್ ಪುಸ್ತಕ ಬೇಕು. ಅವರದ್ದು ಎಲ್ಲಿದೆ ಅಂತ ಅವರಿಗೇ ನೆನಪಿಲ್ಲವಂತೆ. ಅಟ್ಟದ ಟ್ರಂಕಿನಲ್ಲಿರಬಹುದು.

ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಇಂಥ ಅಜ್ಜಂದಿರು ಇದ್ದರೆ "ಹೇಗಿದ್ದೀರಿ" ಅಂತಷ್ಟೇ ಕೇಳಬೇಡಿ, ಉತ್ತರ ಗೊತ್ತಲ್ಲ. ಪಾಸ್‌ಬುಕ್ ತೋರಿಸಿ ಅನ್ನಿ. 80 ತುಂಬಿದವರ ಮೂಲ ಪಿಂಚಣಿಗೆ ಶೇ. 20 ಹೆಚ್ಚು ಸೇರಬೇಕು, 85ಕ್ಕೆ ಅದು ಶೇ. 30. ಸೇರಿದೆಯಾ ನೋಡಿ. ಹುಟ್ಟಿದ ತಾರೀಖು ದಾಖಲೆಯಲ್ಲಿ ಸರಿ ಇದೆಯಾ ನೋಡಿ.

ಬರೋ ಶನಿವಾರ ಮತ್ತೆ ಊರಿಗೆ ಹೊರಟಿದ್ದೀನಿ, ಆ ಟ್ರಂಕು ಇಳಿಸೋಕೆ. ಅಜ್ಜನೂ ಬರ್ತಾರಂತೆ. ಮಂಡಿ ನೋವಲ್ವಾ ಅಂದ್ರೆ, "ಅವನಿಗೆ ಕೇಳೋಕೆ ನಾಚಿಕೆ ಜಾಸ್ತಿ, ನಾನಿದ್ರೆ ಸರಿ" ಅಂದ್ರು. ತಮ್ಮ ಪಿಂಚಣಿ ನಿಂತಾಗ ಬಾಯಿ ಬಿಡದವರು!