ಸದ್ದಿಲ್ಲದ ಹಾದಿ

ಪ್ರವಾಸವೆಂದೊಡನೆ ಅನೇಕರ ಮನಸ್ಸು ದೂರದೇಶಗಳತ್ತ ಹಾರುತ್ತದೆ. ಆಲ್ಪ್ಸ್ ಪರ್ವತದ ತಪ್ಪಲಿನ ಹಳ್ಳಿಗಳಲ್ಲಿ ಒಂಟಿಯಾಗಿ ಅಲೆಯಬಯಸುವವರುಂಟು. ಅಂತಹ ಅಲೆದಾಟಕ್ಕೆ ತಕ್ಕ ನೆಲ ಬೆಂಗಳೂರಿನ ನೆರೆಯಲ್ಲಿಯೂ ಇದೆ.

2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಸಾಗುತ್ತದೆ. ಅದರ ಮೇಲೆ ಧಾವಿಸುವವನಿಗೆ ಇವು ಫಲಕದ ಮೇಲಿನ ಹೆಸರುಗಳು ಮಾತ್ರ. ಹಳೆಯ ರಸ್ತೆಗೆ ಇಳಿದವನು ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ರಾಶಿಗಳನ್ನು ಕಾಣುತ್ತಾನೆ. ಚನ್ನಪಟ್ಟಣದಲ್ಲಿ ಗಿರ್ರನೆ ತಿರುಗುವ ಹಾಲೆಮರದ ತುಂಡಿಗೆ ಅರಗಿನ ಬಣ್ಣವೇರುವುದನ್ನು ನೋಡುತ್ತಾನೆ. ಮಾಗಡಿಯ ಬಳಿ ಸಾವನದುರ್ಗದ ಹೆಬ್ಬಂಡೆ, ಕನಕಪುರದಾಚೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ ಅವನಿಗಾಗಿ ಕಾದಿವೆ.

ಆದರೆ ಸಂದಣಿಯನ್ನು ತೊರೆದು ಬಂದವನಿಗೂ ಒಂದು ಹೊಣೆಯುಂಟು. 1975ರಲ್ಲಿ ತೆರೆಕಂಡ ‘ಶೋಲೆ’ ಚಲನಚಿತ್ರದಿಂದ ರಾಮದೇವರ ಬೆಟ್ಟದ ಸೀಮೆ ದೇಶಕ್ಕೆಲ್ಲ ಪರಿಚಿತವಾಯಿತು. ಆ ಬೆಟ್ಟದ ಕಡಿದಾದ ಬಂಡೆಗಳು ಉದ್ದಕೊಕ್ಕಿನ ರಣಹದ್ದಿನ ನೆಲೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಈ ಹಕ್ಕಿಗಳ ಒಡಲು ಸೇರಿ, ದೇಶದಲ್ಲಿ ಅವುಗಳ ಸಂತತಿಯನ್ನೇ ಅಳಿವಿನ ಅಂಚಿಗೆ ನೂಕಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. 2012ರಲ್ಲಿ ಈ ಬೆಟ್ಟ ರಣಹದ್ದುಧಾಮವಾಯಿತು. ರಣಹದ್ದು ಒಮ್ಮೆಗೆ ಇಡುವುದು ಒಂದೇ ಮೊಟ್ಟೆ. ಕೂಗಾಟಕ್ಕೆ ಬೆದರಿ ಅದು ಗೂಡು ಬಿಟ್ಟಿತೆಂದರೆ ಆ ವರ್ಷದ ಮರಿಯ ಆಸೆ ಮುಗಿಯಿತು.

ಗದ್ದಲಕ್ಕೆ ಬೇಸತ್ತು ನಗರವನ್ನು ಬಿಟ್ಟವನು ಗದ್ದಲವನ್ನು ತನ್ನೊಡನೆ ಹೊತ್ತು ತರಬಾರದು. ಬೆಟ್ಟದ ಮೌನವನ್ನು ಅರಸಿ ಬಂದ ಪಯಣಿಗನೇ ಆ ಮೌನದ ಕಾವಲುಗಾರನೂ ಆಗಬೇಕು.